ಹ್ಯಾಟ್ ಟ್ರಿಕ್ ಪ್ರೊಡಕ್ಷನ್ಸ್: ಬ್ರಿಟನ್ನಿನ ನಗುವಿನ ಕಂಪನಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಯಕ್ರಮ ಮುಗಿಯುತ್ತದೆ. ಹೆಸರುಗಳು ಸರಸರನೆ ಮೇಲೆ ಓಡುತ್ತವೆ. ಕೊನೆಯಲ್ಲಿ ಒಂದೆರಡು ಸೆಕೆಂಡು ಒಂದು ಕಂಪನಿಯ ಹೆಸರು ಬಂದು ಮಾಯವಾಗುತ್ತದೆ. ಅಷ್ಟೊತ್ತಿಗೆ ನಾವು ರಿಮೋಟ್ ಎಲ್ಲಿ ಅಂತ ಹುಡುಕುತ್ತಿರುತ್ತೇವೆ. ಬ್ರಿಟಿಷ್ ಹಾಸ್ಯ ನೋಡುವ ಚಟ ಹತ್ತಿದ ಮೇಲೆ ಆ ಎರಡು ಸೆಕೆಂಡಿನಲ್ಲಿ ನನಗೆ ಒಂದೇ ಹೆಸರು ಮತ್ತೆ ಮತ್ತೆ ಕಾಣತೊಡಗಿತು: ಹ್ಯಾಟ್ ಟ್ರಿಕ್ ಪ್ರೊಡಕ್ಷನ್ಸ್. ಐರ್ಲೆಂಡಿನ ಪಾದ್ರಿಗಳ ಕಥೆಯಲ್ಲೂ ಅದೇ, ಸುದ್ದಿಯ ಕ್ವಿಜ್‌ನಲ್ಲೂ ಅದೇ, ಇಂಡಿಯನ್ ಅಜ್ಜಿಯ ಮನೆಯಲ್ಲೂ ಅದೇ. ಊರಿಂದ ಫೋನ್ ಮಾಡುವ ಗೆಳೆಯರು, ಇಲ್ಲಿ ಲಂಡನ್ನಿನ ಕನ್ನಡ ಬಳಗದ ಹುಡುಗರು ಕೇಳಿದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ. ನಾನು ಆ ಕಂಪನಿಯವನಲ್ಲ, ಬರೀ ನೋಡುಗ.

ಹ್ಯಾಟ್ ಟ್ರಿಕ್ ಅಂದ್ರೆ ಟಿವಿ ಚಾನೆಲ್ಲಾ?

ಅಲ್ಲ. ಮದುವೆಯಲ್ಲಿ ಛತ್ರದವರು ಬೇರೆ, ಅಡುಗೆಯವರು ಬೇರೆ ಅಲ್ವಾ? ಬಿಬಿಸಿ, ಚಾನೆಲ್ 4 ಇವೆಲ್ಲ ಛತ್ರ. ಹ್ಯಾಟ್ ಟ್ರಿಕ್ ಅಡುಗೆ ಗುತ್ತಿಗೆ ಹಿಡಿದವರು. ಐಡಿಯಾ ಹುಡುಕುವುದು, ಬರೆಯುವವರನ್ನು ಕೂರಿಸಿ ಬರೆಸುವುದು, ಚಾನೆಲ್‌ಗೆ ಹೋಗಿ ಒಪ್ಪಿಸುವುದು, ನಟರನ್ನು ಹಾಕಿಕೊಂಡು ಶೂಟ್ ಮಾಡುವುದು, ಎಡಿಟ್ ಮಾಡಿ ಡಬ್ಬಿ ಕೈಗಿಡುವುದು, ಇಷ್ಟೂ ಅವರ ಕೆಲಸ. ಊಟ ಚೆನ್ನಾಗಿದ್ದರೆ ಜನ ಛತ್ರವನ್ನು ಹೊಗಳುತ್ತಾರೆ. ಹಾಗಾಗಿಯೇ "ಬಿಬಿಸಿಯ ಆ ಕಾಮಿಡಿ ಶೋ" ಅಂತ ನಾವು ಹೇಳುವ ಎಷ್ಟೋ ಶೋಗಳು ಬಿಬಿಸಿ ತಯಾರಿಸಿದ್ದಲ್ಲ.

ಶುರು ಮಾಡಿದವರು ಯಾರು?

ಮೂರು ಜನ: ಜಿಮ್ಮಿ ಮಲ್ವಿಲ್, ಡೆನೀಸ್ ಒ'ಡೊನಹ್ಯೂ, ರೋರಿ ಮೆಗ್ರಾ. ವರ್ಷ 1986. ಮಲ್ವಿಲ್ ಲಿವರ್‌ಪೂಲ್ ಹುಡುಗ. ಕೇಂಬ್ರಿಡ್ಜ್‌ನಲ್ಲಿ ಓದುವಾಗ ಫುಟ್‌ಲೈಟ್ಸ್ ಅನ್ನುವ ವಿದ್ಯಾರ್ಥಿಗಳ ಹಾಸ್ಯ ತಂಡದಲ್ಲಿದ್ದವರು, ಆಮೇಲೆ ಬಿಬಿಸಿ ರೇಡಿಯೋದಲ್ಲಿ ಕಾಮಿಡಿ ನಿರ್ಮಾಪಕರಾದವರು. ಮಲ್ವಿಲ್ ಮತ್ತು ಮೆಗ್ರಾ ಇಬ್ಬರೂ ಬರೆಯುವವರು, ನಟಿಸುವವರು. ಲೆಕ್ಕಾಚಾರ, ಒಪ್ಪಂದ, ವ್ಯವಹಾರದ ಕಡೆ ಗಟ್ಟಿಯಾಗಿ ನಿಂತವರು ಡೆನೀಸ್. ಸಂಗೀತದವರು ಸೇರಿ ಸಭಾ ಕಟ್ಟಿದರೆ ಆರು ತಿಂಗಳಲ್ಲಿ ಜಗಳ. ಪಕ್ಕದಲ್ಲಿ ಒಬ್ಬ ಒಳ್ಳೆಯ ಮ್ಯಾನೇಜರ್ ಇದ್ದರೆ ಬಾಳುತ್ತದೆ. ಇಲ್ಲೂ ಹಾಗೇ ಆಯಿತು ಅಂತ ನನ್ನ ಲೆಕ್ಕ.

ಮೊದಮೊದಲು ತಾವೇ ನಟಿಸಿದ ಒಂದು ಕಾಮಿಡಿ ಮಾಡಿದರು: ಕ್ರಿ.ಶ. 123ರ ಇಂಗ್ಲೆಂಡ್, ಆಳುವವರು ರೋಮನ್ನರು. ಹೆಸರು 'ಚೆಲ್ಮ್ಸ್‌ಫರ್ಡ್ 123', ಚಾನೆಲ್ 4ರಲ್ಲಿ 1988ರಿಂದ 1990ರವರೆಗೆ ಬಂತು. ಮೊದಲ ದೃಶ್ಯ ಪೂರ್ತಿ ಲ್ಯಾಟಿನ್‌ನಲ್ಲಿ, ಕೆಳಗೆ ಸಬ್‌ಟೈಟಲ್! ಇದಕ್ಕೆ ಒಪ್ಪಿಗೆ ಕೊಟ್ಟ ಚಾನೆಲ್‌ನವರ ಧೈರ್ಯಕ್ಕೆ ಮೆಚ್ಚಬೇಕು.

ಆ ಹೆಸರು ಕ್ರಿಕೆಟ್‌ನದ್ದಾ?

ಮೂವರು ಸೇರಿ ಕಟ್ಟಿದ್ದು, ಅದಕ್ಕೆ ಹೆಸರು ಚೆನ್ನಾಗಿ ಕೂರುತ್ತದೆ. ನಮಗಂತೂ ಹ್ಯಾಟ್ರಿಕ್ ಅಂದರೆ ಮೊದಲು ನೆನಪಾಗೋದು ಶಿವಣ್ಣ. ತಮಾಷೆ ಅಂದರೆ, ಶಿವರಾಜ್‌ಕುಮಾರ್ ನಾಯಕರಾಗಿ ತೆರೆಗೆ ಬಂದದ್ದೂ ಅದೇ 1986ರಲ್ಲಿ.

'ಇಂಡಿಪೆಂಡೆಂಟ್' ಅಂತಾರಲ್ಲ, ಯಾರಿಂದ ಸ್ವತಂತ್ರ?

ಪ್ರಸಾರ ಮಾಡುವವರಿಂದ. ಬ್ರಿಟನ್ನಿನ ನಿಯಮ ಸರಳವಾಗಿದೆ: ಯಾವುದೇ ಒಂದು ಪ್ರಸಾರ ಸಂಸ್ಥೆ ನಿಮ್ಮ ಕಂಪನಿಯಲ್ಲಿ ನೂರಕ್ಕೆ 25ಕ್ಕಿಂತ ಜಾಸ್ತಿ ಪಾಲು ಇಟ್ಟುಕೊಂಡಿರಬಾರದು. ಇಲ್ಲಿ ಇಂಥ ಕಂಪನಿಗಳಿಗೆ 'ಇಂಡಿ' ಅಂತಲೇ ಹೆಸರು.

ಇದರ ಹಿಂದೆ ಸ್ವಲ್ಪ ಇತಿಹಾಸ ಇದೆ. 1980ರವರೆಗೆ ಬಿಬಿಸಿ ಮತ್ತು ಐಟಿವಿ ಅನ್ನುವ ಖಾಸಗಿ ಚಾನೆಲ್‌ನ ಕಂಪನಿಗಳು ಬಹುಪಾಲು ಎಲ್ಲವನ್ನೂ ತಮ್ಮ ಕಟ್ಟಡದೊಳಗೇ ಮಾಡುತ್ತಿದ್ದವು. ಸ್ಟುಡಿಯೋ ಅವರದ್ದೇ, ಕ್ಯಾಮೆರಾ ಅವರದ್ದೇ, ಬಡಗಿಯೂ ಅವರವನೇ. 1982ರ ನವೆಂಬರ್ 2ರಂದು ಚಾನೆಲ್ 4 ಶುರುವಾಯಿತು. ಅದು ತಾನೇ ಏನೂ ತಯಾರಿಸುವಂತಿರಲಿಲ್ಲ. ಪುಸ್ತಕ ಪ್ರಕಾಶಕರ ಥರ ಹೊರಗಿನವರಿಂದ ತರಿಸಿ ಹಾಕಬೇಕಿತ್ತು. ಇದ್ದಕ್ಕಿದ್ದ ಹಾಗೆ ಸಣ್ಣ ಸಣ್ಣ ಕಂಪನಿಗಳಿಗೆ ಗಿರಾಕಿ ಸಿಕ್ಕ. ಆಮೇಲೆ 1990ರ ಪ್ರಸಾರ ಕಾಯ್ದೆ ಬಂತು. ಅರ್ಹ ಕಾರ್ಯಕ್ರಮಗಳಲ್ಲಿ ಕಾಲು ಭಾಗವಾದರೂ ಇಂಡಿಗಳಿಂದ ಬರಬೇಕು ಅಂತಾಯಿತು. 1986ರಲ್ಲಿ ಅಂಗಡಿ ತೆರೆದವರಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇಕಿತ್ತಾ?

ಜೊತೆಯವರು ಬಹಳಷ್ಟು ಜನ ಆಮೇಲೆ ದೊಡ್ಡ ಮೀನಿನ ಹೊಟ್ಟೆ ಸೇರಿದರು. ಹಾಸ್ಯ ನಟರಾದ ಮೆಲ್ ಸ್ಮಿತ್ ಮತ್ತು ಗ್ರಿಫ್ ರೀಸ್ ಜೋನ್ಸ್ ಕಟ್ಟಿದ ಟಾಕ್‌ಬ್ಯಾಕ್ 2000ರಲ್ಲಿ ಪಿಯರ್ಸನ್ ಅನ್ನುವ ದೊಡ್ಡ ಮಾಧ್ಯಮ ಕಂಪನಿಯ ಪಾಲಾಯಿತು. ಸ್ಟೀವ್ ಕೂಗನ್ ಅವರ ಬೇಬಿ ಕೌನಲ್ಲಿ ಬಿಬಿಸಿಯ ವಾಣಿಜ್ಯ ಶಾಖೆ 2016ರಲ್ಲಿ ದೊಡ್ಡ ಪಾಲು ತೆಗೆದುಕೊಂಡಿತು. ಹ್ಯಾಟ್ ಟ್ರಿಕ್ ಇನ್ನೂ ತನ್ನ ಹೆಸರಿನಲ್ಲೇ ಇದೆ.

ದುಡ್ಡು ಎಲ್ಲಿಂದ ಬರುತ್ತದೆ?

ಮೊದಲ ದುಡ್ಡು ಚಾನೆಲ್‌ನದ್ದು. ಬಿಬಿಸಿಗೆ ಆ ದುಡ್ಡು ಬರುವುದು ಟಿವಿ ಲೈಸೆನ್ಸ್‌ನಿಂದ. 2025ರ ಏಪ್ರಿಲ್‌ನಲ್ಲಿ ಅದು ಮನೆಗೆ ವರ್ಷಕ್ಕೆ 174.50 ಪೌಂಡ್ ಆಯಿತು. ಚಾನೆಲ್ 4ಕ್ಕೆ ಜಾಹೀರಾತಿನಿಂದ ಬರುತ್ತದೆ.

ಆದರೆ ಅಸಲಿ ಕಥೆ ಹಕ್ಕುಗಳದ್ದು. ಮೊದಲೆಲ್ಲ ಚಾನೆಲ್‌ನವರು ಖರ್ಚು ಪೂರ್ತಿ ಕೊಟ್ಟು, ಮೇಲೊಂದಿಷ್ಟು ಸಂಭಾವನೆ ಕೊಟ್ಟು, ಕಾರ್ಯಕ್ರಮವನ್ನು ಹೆಚ್ಚೂಕಮ್ಮಿ ಕ್ರಯಕ್ಕೆ ಬರೆಸಿಕೊಳ್ಳುತ್ತಿದ್ದರು. 2003ರ ಕಮ್ಯುನಿಕೇಷನ್ಸ್ ಕಾಯ್ದೆ ಬಂದ ಮೇಲೆ ಅದು ಭೋಗ್ಯಕ್ಕೆ ಕೊಟ್ಟ ಹಾಗಾಯಿತು. ಇಷ್ಟು ವರ್ಷ, ಇಷ್ಟು ಸಲ ನೀವು ಹಾಕಿಕೊಳ್ಳಿ, ಮನೆ ಮಾತ್ರ ನಮ್ಮದೇ. ಬೇರೆ ದೇಶಕ್ಕೆ ಮಾರುವುದು, ಆನ್‌ಲೈನ್‌ಗೆ ಕೊಡುವುದು ಎಲ್ಲ ತಯಾರಿಸಿದವರ ಕೈಗೆ ಬಂತು. ಹ್ಯಾಟ್ ಟ್ರಿಕ್ ಮಾರಾಟಕ್ಕೆಂದೇ ಹ್ಯಾಟ್ ಟ್ರಿಕ್ ಇಂಟರ್‌ನ್ಯಾಷನಲ್ ಅಂತ ಇನ್ನೊಂದು ವಿಭಾಗ ಇಟ್ಟುಕೊಂಡಿದೆ.

ಮಾರುವುದು ಬರೀ ಮುಗಿದ ಕಾರ್ಯಕ್ರಮವನ್ನಲ್ಲ. 'ಫಾರ್ಮ್ಯಾಟ್' ಅಂತ ಒಂದಿದೆ, ಅಂದರೆ ಆಟದ ನಿಯಮ, ವೇದಿಕೆಯ ವಿನ್ಯಾಸ, ಯಾವ ಸುತ್ತು ಯಾವಾಗ ಅನ್ನುವುದು. ಅಜ್ಜಿಯ ಪುಳಿಯೋಗರೆ ಗೊಜ್ಜಿನ ಅಳತೆ ಮಾರಿದ ಹಾಗೆ. ಅನ್ನ ಅವರದ್ದು, ಅಳತೆ ನಮ್ಮದು. 'ಹೂಸ್ ಲೈನ್ ಈಸ್ ಇಟ್ ಎನಿವೇ' ಹೀಗೇ 1998ರಲ್ಲಿ ಅಮೆರಿಕದ ಎಬಿಸಿ ಚಾನೆಲ್‌ಗೆ ಹೋಯಿತು, ಡ್ರೂ ಕ್ಯಾರಿ ನಡೆಸಿಕೊಟ್ಟರು. ಇವತ್ತಿಗೂ ರೀಲ್ಸ್‌ನಲ್ಲಿ ಬರುವ ಆ ತುಣುಕುಗಳನ್ನು ನೋಡಿ ಜನ ಇದು ಅಮೆರಿಕನ್ ಶೋ ಅಂದುಕೊಂಡಿರುತ್ತಾರೆ. ಇದರ ಬೇರು ಲಂಡನ್ನಿನ ಒಂದು ರೇಡಿಯೋ ಸ್ಟುಡಿಯೋದಲ್ಲಿದೆ.

ರೇಡಿಯೋನಾ? ಈ ಕಾಲದಲ್ಲಿ ರೇಡಿಯೋ ಕಾಮಿಡಿ ಯಾರು ಕೇಳ್ತಾರೆ?

ಇಲ್ಲಿ ಕೇಳುತ್ತಾರೆ. ಬಿಬಿಸಿ ರೇಡಿಯೋ 4ರಲ್ಲಿ ಸಂಜೆ ಆರೂವರೆಗೆ ಅರ್ಧ ಗಂಟೆ ಹಾಸ್ಯ ಬರುತ್ತದೆ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೇಳುವವರೇ ಜಾಸ್ತಿ. ನಾನೂ ಅದೇ ಗುಂಪು.

ಕಾಮಿಡಿಗೆ ರೇಡಿಯೋ ಅಂದರೆ ಸಸಿ ಮಡಿ. ಸೆಟ್ ಬೇಡ, ಬಟ್ಟೆ ಬೇಡ, ಕ್ಯಾಮೆರಾ ಬೇಡ. ಖರ್ಚು ಕಡಿಮೆ ಇರುವುದರಿಂದ ಸೋತರೂ ಯಾರ ಕೆಲಸವೂ ಹೋಗುವುದಿಲ್ಲ. ಚಿಗುರಿದರೆ ಕಿತ್ತು ಟಿವಿ ಗದ್ದೆಗೆ ನಾಟಿ ಮಾಡುತ್ತಾರೆ. 'ಹೂಸ್ ಲೈನ್' 1988ರಲ್ಲಿ ಮೊದಲು ರೇಡಿಯೋ 4ರಲ್ಲಿ ಆರು ಕಂತು ಬಂತು. ಸ್ಕ್ರಿಪ್ಟೇ ಇಲ್ಲದೆ, ಪ್ರೇಕ್ಷಕರು ಹೇಳಿದ ವಿಷಯದ ಮೇಲೆ ಅಲ್ಲೇ ನಟಿಸುವ ಆಟ. ಕೆಲವೇ ತಿಂಗಳಲ್ಲಿ ಚಾನೆಲ್ 4ಕ್ಕೆ ಹೋಯಿತು, ಹ್ಯಾಟ್ ಟ್ರಿಕ್ ಕೈಯಲ್ಲಿ ಬೆಳೆಯಿತು. ನಡೆಸಿಕೊಟ್ಟ ಕ್ಲೈವ್ ಆಂಡರ್ಸನ್ ವೃತ್ತಿಯಲ್ಲಿ ಬ್ಯಾರಿಸ್ಟರ್. 'ರೂಮ್ 101' ಕೂಡ ಹೀಗೇ. 1992ರಲ್ಲಿ ರೇಡಿಯೋ 5ರಲ್ಲಿ ಹುಟ್ಟಿ 1994ರಲ್ಲಿ ಟಿವಿಗೆ ಬಂತು. ಅತಿಥಿಗಳು ತಮಗೆ ಸಹಿಸಲಾಗದ ವಸ್ತುಗಳನ್ನು ತಂದು, ಇದನ್ನು ಲೋಕದಿಂದಲೇ ಆಚೆ ಹಾಕಿ ಅಂತ ವಾದ ಮಾಡುವ ಆಟ.

ರೇಡಿಯೋವನ್ನೇ ಗಟ್ಟಿಯಾಗಿ ಹಿಡಿದ ಇನ್ನೊಂದು ಇಂಡಿಯ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ: ಪಾಸಿಟಿವ್. ಜೆಫ್ ಪೋಸ್ನರ್ ಮತ್ತು ಡೇವಿಡ್ ಟೈಲರ್ ಕಟ್ಟಿದ್ದು. ಅವರ 'ಕ್ಯಾಬಿನ್ ಪ್ರೆಶರ್' ರೇಡಿಯೋ 4ರಲ್ಲಿ 2008ರಿಂದ 2014ರವರೆಗೆ ಬಂತು. ಒಂದೇ ಒಂದು ವಿಮಾನ ಇರುವ ಬಡಪಾಯಿ ಏರ್‌ಲೈನ್‌ನ ಕಥೆ. ಬರೆದವರು ಜಾನ್ ಫಿನ್ನಮೋರ್. ಒಂದೊಂದು ಕಂತಿಗೂ ಒಂದೊಂದು ಊರಿನ ಹೆಸರು, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ: ಅಬುಧಾಬಿಯಿಂದ ಜ್ಯೂರಿಕ್‌ವರೆಗೆ. ಪೈಲಟ್ ಪಾತ್ರದಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಅವರು ಆಮೇಲೆ ಹಾಲಿವುಡ್ ತಾರೆಯಾದರೂ ಕೊನೆಯ ಕಂತಿಗೆ ಬಂದು ಮೈಕ್ ಮುಂದೆ ಹಾಳೆ ಹಿಡಿದು ನಿಂತರು.

'ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯೂ' ಯಾಕೆ ಅಷ್ಟು ಫೇಮಸ್ಸು?

ಸೆಪ್ಟೆಂಬರ್ 1990ರಲ್ಲಿ ಬಿಬಿಸಿ 2ರಲ್ಲಿ ಶುರುವಾಯಿತು, 2000ದಲ್ಲಿ ಬಿಬಿಸಿ 1ಕ್ಕೆ ಬಡ್ತಿ ಪಡೆಯಿತು, ಇನ್ನೂ ನಡೀತಾ ಇದೆ. ಹೆಸರಿಗೆ ವಾರದ ಸುದ್ದಿಯ ಕ್ವಿಜ್. ಅಂಕ ಯಾರಿಗೆ ಬಂತು ಅಂತ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದು ತಂಡದ ನಾಯಕ ಇಯಾನ್ ಹಿಸ್ಲಪ್, 'ಪ್ರೈವೇಟ್ ಐ' ಅನ್ನುವ ವಿಡಂಬನೆ ಪತ್ರಿಕೆಯ ಸಂಪಾದಕ. ಶುರುವಿನಿಂದ ಒಂದು ಕಂತೂ ತಪ್ಪಿಸಿಲ್ಲ. ಇನ್ನೊಂದು ತಂಡದ ನಾಯಕ ಪಾಲ್ ಮರ್ಟನ್. ಹಿಸ್ಲಪ್ ಸುದ್ದಿ ಅರೆದು ಕುಡಿದವರು. ಮರ್ಟನ್ ಸುದ್ದಿಯ ಗೊಡವೆಯೇ ಬೇಡ ಅನ್ನುವ ಹಾಗೆ ಎಲ್ಲಿಂದಲೋ ಒಂದು ಹುಚ್ಚು ಕಲ್ಪನೆ ಎಳೆದು ತರುತ್ತಾರೆ. ಈ ಜೋಡಿಯ ನಡುವಿನ ಘರ್ಷಣೆಯಲ್ಲೇ ಶೋ ನಡೆಯುವುದು.

1993ರ ಜೂನ್‌ನಲ್ಲಿ ನಡೆದದ್ದು ಕೇಳಿ. ಲೇಬರ್ ಪಕ್ಷದ ದೊಡ್ಡ ನಾಯಕ ರಾಯ್ ಹ್ಯಾಟರ್‌ಸ್ಲಿ ಬರುತ್ತೇನೆ ಅಂತ ಹೇಳಿ ಮೂರನೇ ಸಲವೂ ಕೈಕೊಟ್ಟರು. ನಿರ್ಮಾಪಕರು ಖಾಲಿ ಕುರ್ಚಿ ಇಡಲಿಲ್ಲ. ಒಂದು ಡಬ್ಬಿ ಹಂದಿ ಕೊಬ್ಬು ತಂದು ಮೇಜಿನ ಮೇಲೆ ಕೂರಿಸಿದರು! ಮರ್ಟನ್ ಪಕ್ಕದಲ್ಲಿ, ಅತಿಥಿಯ ಜಾಗದಲ್ಲಿ. ಅದಕ್ಕೆ 'ಸನ್ಮಾನ್ಯ ಸಂಸದ' ಅನ್ನುವ ಗೌರವವೂ ಸಿಕ್ಕಿತು. ಅರ್ಧ ಗಂಟೆ ಆ ಡಬ್ಬಿ ಬ್ರಿಟಿಷ್ ರಾಜಕಾರಣವನ್ನು ಪ್ರತಿನಿಧಿಸಿತು. ಹ್ಯಾಟರ್‌ಸ್ಲಿ ರಾಜಕೀಯದಲ್ಲಿ ಮಾಡಿದ್ದು ಬಹಳಷ್ಟಿದೆ, ಪಾಪ, ಆದರೆ ಜನಕ್ಕೆ ಡಬ್ಬಿಯೇ ನೆನಪು.

ಈ ಶೋದಲ್ಲಿ ಒಂದು ಪದ ಪದೇ ಪದೇ ಕೇಳುತ್ತದೆ. ಯಾರ ಮೇಲಾದರೂ ಭಯಂಕರ ಆರೋಪ ಮಾಡಿ, ಒಂದು ಕ್ಷಣ ಬಿಟ್ಟು, 'ಅಲೆಜೆಡ್ಲಿ' ಅಂತ ಸೇರಿಸುತ್ತಾರೆ. ನಮ್ಮ ಪತ್ರಿಕೆಗಳ 'ಎನ್ನಲಾಗಿದೆ' ಇದೆಯಲ್ಲ, ಅದೇ. ಆದರೆ ಅದು ಯಾವಾಗಲೂ ಕಾಪಾಡುವುದಿಲ್ಲ. 1994ರ ಒಂದು ಕಂತಿನಲ್ಲಿ ಪತ್ರಿಕಾ ದೊರೆ ರಾಬರ್ಟ್ ಮ್ಯಾಕ್ಸ್‌ವೆಲ್ ಅವರ ಇಬ್ಬರು ಮಕ್ಕಳ ಬಗ್ಗೆ ಖಾರವಾದ ಮಾತು ಬಂತು. ಆಗ ಆ ಇಬ್ಬರ ಮೇಲಿನ ವಂಚನೆ ಪ್ರಕರಣದ ವಿಚಾರಣೆ ಬಾಕಿ ಇತ್ತು. ನ್ಯಾಯಾಂಗ ನಿಂದನೆ ಅಂತ ಬಿಬಿಸಿಗೂ ಹ್ಯಾಟ್ ಟ್ರಿಕ್‌ಗೂ ತಲಾ 10,000 ಪೌಂಡ್ ದಂಡ ಬಿತ್ತು. ಆ ಸೋದರರು ಕೊನೆಗೆ ನಿರ್ದೋಷಿಗಳು ಅಂತ ತೀರ್ಪಾಯಿತು. ತಮಾಷೆ ಮಾಡಿದೆವು ಅನ್ನುವ ನೆಪ ಕೋರ್ಟಿನಲ್ಲಿ ನಡೆಯಲಿಲ್ಲ.

ನಿರೂಪಕರು ಪ್ರತಿ ವಾರ ಯಾಕೆ ಬದಲಾಗ್ತಾರೆ?

ಮೊದಲು ಒಬ್ಬರೇ ಇದ್ದರು, ಆಂಗಸ್ ಡೇಟನ್. 2002ರಲ್ಲಿ ಅವರ ಖಾಸಗಿ ಜೀವನವೇ ಟ್ಯಾಬ್ಲಾಯ್ಡ್‌ಗಳ ಮುಖಪುಟಕ್ಕೆ ಬಂತು. ಊರಿನವರ ಹಗರಣ ಓದಿ ನಗಿಸುವ ಕುರ್ಚಿಯಲ್ಲಿ ಕೂತವನೇ ಹಗರಣವಾದರೆ ಏನು ಮಾಡುವುದು? ಬಿಬಿಸಿ ಅವರನ್ನು ಅಕ್ಟೋಬರ್‌ನಲ್ಲಿ ತೆಗೆಯಿತು. ಮರುವಾರ ಮರ್ಟನ್ ಅವರೇ ಆ ಕುರ್ಚಿಯಲ್ಲಿ ಕೂತರು. ಕಾಯಂ ನಿರೂಪಕ ಸಿಗುವವರೆಗೆ ವಾರಕ್ಕೊಬ್ಬರನ್ನು ಕರೆಯೋಣ ಅಂತ ತಾತ್ಕಾಲಿಕ ವ್ಯವಸ್ಥೆ ಮಾಡಿದರು. ಆ ತಾತ್ಕಾಲಿಕ ವ್ಯವಸ್ಥೆಗೆ ಇಪ್ಪತ್ತು ವರ್ಷ ದಾಟಿತು.

ಹಾಗೆ ಬಂದವರಲ್ಲಿ ಬೋರಿಸ್ ಜಾನ್ಸನ್ ಕೂಡ ಒಬ್ಬರು. ಕೆದರಿದ ಕೂದಲು, ತಡವರಿಸುವ ಮಾತು, ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅವರು ಪ್ರಧಾನಿಯಾದಾಗ "ಇವರನ್ನು ಮುದ್ದು ಮಾಡಿ ಬೆಳೆಸಿದ್ದೇ ನೀವು" ಅಂತ ಶೋ ಮೇಲೆ ದೂರು ಬಂತು. ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ರಾಜಕಾರಣಿಯನ್ನು ಗೇಲಿ ಮಾಡುವುದಕ್ಕೂ ಅವನ ಜೊತೆ ಕೂತು ನಗುವುದಕ್ಕೂ ವ್ಯತ್ಯಾಸ ಇದೆ. ಇನ್ನೊಂದು ಹಳೇ ದೂರು, ಮೇಜಿನ ಸುತ್ತ ಬರೀ ಗಂಡಸರು ಅನ್ನೋದು. 2014ರಲ್ಲಿ ಬಿಬಿಸಿಯೇ ಇನ್ನು ಮುಂದೆ ಗಂಡಸರೇ ತುಂಬಿದ ಪ್ಯಾನೆಲ್ ಶೋ ಬೇಡ ಅಂತ ಹೇಳಬೇಕಾಯಿತು.

2024ರ ಸೆಪ್ಟೆಂಬರ್‌ನಲ್ಲಿ ಇದರ ಅಮೆರಿಕನ್ ಆವೃತ್ತಿ ಸಿಎನ್‌ಎನ್‌ನಲ್ಲಿ ಶುರುವಾಯಿತು. ಅಲ್ಲಿ ಕಾಯಂ ನಿರೂಪಕ ಇದ್ದಾರೆ, ರಾಯ್ ವುಡ್ ಜೂನಿಯರ್.

'ಫಾದರ್ ಟೆಡ್' ಐರಿಶ್ ಟಿವಿ ತಿರಸ್ಕರಿಸಿದ ಶೋ ಅಂತೆ, ನಿಜವಾ?

ಸುಳ್ಳು. ಐರ್ಲೆಂಡಿನ ಸರ್ಕಾರಿ ಟಿವಿ ಆರ್‌ಟಿಇಗೆ ಅದನ್ನು ತೋರಿಸಿಯೇ ಇರಲಿಲ್ಲ. ಬರೆದ ಗ್ರಹಾಂ ಲೈನಹನ್ ಮತ್ತು ಆರ್ಥರ್ ಮ್ಯಾಥ್ಯೂಸ್ ಇಬ್ಬರೂ ಲಂಡನ್ನಿನಲ್ಲಿದ್ದ ಐರಿಶ್ ಹುಡುಗರು. ನೇರ ಹ್ಯಾಟ್ ಟ್ರಿಕ್‌ಗೆ ಬಂದರು. ಆದರೂ ಈ ಕಥೆ ಸಾಯುವುದಿಲ್ಲ, ಯಾಕೆಂದರೆ ಕೇಳಲು ಚೆನ್ನಾಗಿದೆ.

ಅಸಲಿ ಕಥೆ ನನಗೆ ಇನ್ನೂ ಇಷ್ಟ. ಅವರು ತಂದದ್ದು ಸಾಕ್ಷ್ಯಚಿತ್ರದ ಧಾಟಿಯ ಒಂದು ಅಣಕ. ಹ್ಯಾಟ್ ಟ್ರಿಕ್‌ನಲ್ಲಿ ಆಗ ಜೆಫ್ರಿ ಪರ್ಕಿನ್ಸ್ ಇದ್ದರು. 1978ರಲ್ಲಿ ರೇಡಿಯೋ 4ಕ್ಕೆ 'ಹಿಚ್‌ಹೈಕರ್ಸ್ ಗೈಡ್' ಅನ್ನುವ ಬಾಹ್ಯಾಕಾಶದ ಹಾಸ್ಯ ಸರಣಿ ತಯಾರಿಸಿದವರು ಇವರೇ. ಪರ್ಕಿನ್ಸ್ ಅದನ್ನು ಓದಿ, ಸಾಕ್ಷ್ಯಚಿತ್ರ ಬೇಡ, ಈ ಪಾದ್ರಿಗಳನ್ನೇ ಇಟ್ಟುಕೊಂಡು ಸೀದಾ ಸಿಟ್‌ಕಾಮ್, ಅಂದರೆ ಹಾಸ್ಯ ಧಾರಾವಾಹಿ, ಮಾಡಿ ಅಂದರು. ಒಂದೇ ಮಾತು. ಕಂಪನಿಗಳು ಏನು ಮಾಡುತ್ತವೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬರೆದವರಿಗೆ ಕಾಣದ್ದನ್ನು ಓದಿ ಕಂಡುಹಿಡಿಯುವ ಒಬ್ಬ ಮನುಷ್ಯ ಒಳಗೆ ಕೂತಿರಬೇಕು. ಸ್ಟುಡಿಯೋವನ್ನು ಬಾಡಿಗೆಗೆ ತರಬಹುದು. ಇಂಥವರನ್ನು ತರಲಾಗುವುದಿಲ್ಲ.

1995ರ ಏಪ್ರಿಲ್‌ನಲ್ಲಿ ಚಾನೆಲ್ 4ರಲ್ಲಿ ಶುರುವಾಯಿತು. ಕ್ರ್ಯಾಗಿ ಐಲೆಂಡ್ ಅನ್ನುವ ಇಲ್ಲದ ದ್ವೀಪ. ಅಲ್ಲಿಗೆ ಎತ್ತಂಗಡಿಯಾದ ಮೂವರು ಪಾದ್ರಿಗಳು. ಒಬ್ಬ ಸ್ವಲ್ಪ ದುರಾಸೆಯವನು, ಒಬ್ಬ ಪೆದ್ದ, ಒಬ್ಬ ಕುಡುಕ. ಟೀ ಬೇಡ ಅಂದರೂ ಬಿಡದ ಮನೆಕೆಲಸದ ಮಿಸೆಸ್ ಡಾಯ್ಲ್. ನಮ್ಮ ಮನೆಗಳಲ್ಲಿ "ಇನ್ನೊಂದು ಹೋಳಿಗೆ ಹಾಕ್ಲಾ" ಅಂತ ಕೈ ಅಡ್ಡ ಇಟ್ಟರೂ ಬಡಿಸುವ ಅತ್ತೆಯನ್ನು ಕಂಡವರಿಗೆ ಈ ಪಾತ್ರ ಬಿಡಿಸಿ ಹೇಳಬೇಕಿಲ್ಲ. ಒಂದು ದೃಶ್ಯ ನೋಡಿ: ಮಳೆ, ಇಕ್ಕಟ್ಟಾದ ಕ್ಯಾರವಾನ್. ಟೆಡ್ ಕೈಯಲ್ಲಿ ಪುಟ್ಟ ಪ್ಲಾಸ್ಟಿಕ್ ಹಸುಗಳು. ಚಿಕ್ಕದು ಅಂದರೇನು, ದೂರದಲ್ಲಿರುವುದು ಅಂದರೇನು ಅಂತ ಕಿಟಕಿಯಾಚೆ ತೋರಿಸಿ ತೋರಿಸಿ ಪೆದ್ದ ಪಾದ್ರಿ ಡೂಗಲ್‌ಗೆ ಹೇಳಿಕೊಡುತ್ತಿದ್ದಾನೆ. ಅವನಿಗೆ ತಲೆಗೆ ಹೋಗುತ್ತಿಲ್ಲ. ಅಷ್ಟೇ ದೃಶ್ಯ.

ಒಟ್ಟು 25 ಕಂತು, ಕ್ರಿಸ್‌ಮಸ್ ವಿಶೇಷವೂ ಸೇರಿ. ಹೊರಾಂಗಣ ಹೆಚ್ಚಾಗಿ ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ, ಒಳಾಂಗಣ ಲಂಡನ್ ಸ್ಟುಡಿಯೋದಲ್ಲಿ ಪ್ರೇಕ್ಷಕರ ಮುಂದೆ. ಟೆಡ್ ಪಾತ್ರದ ಡರ್ಮಟ್ ಮಾರ್ಗನ್ ಕೊನೆಯ ಕಂತಿನ ರೆಕಾರ್ಡಿಂಗ್ ಮುಗಿಸಿದ ಮರುದಿನ, 1998ರ ಫೆಬ್ರವರಿ 28ರಂದು, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 45. ಮೂರನೇ ಸರಣಿಯನ್ನು ಒಂದು ವಾರ ಮುಂದೂಡಿ ಪ್ರಸಾರ ಮಾಡಿದರು.

ಹಿಂದೆ ಕೇಳುವ ಆ ನಗು ಅಸಲಿನಾ, ಅಂಟಿಸಿದ್ದಾ?

ಸ್ಟುಡಿಯೋ ಶೋಗಳಲ್ಲಿ ಅಸಲಿ. ಹೊರಗೆ ಮೊದಲೇ ಶೂಟ್ ಮಾಡಿದ ದೃಶ್ಯಗಳನ್ನೂ ಪ್ರೇಕ್ಷಕರಿಗೆ ಪರದೆಯಲ್ಲಿ ತೋರಿಸಿ ಅವರ ನಗುವನ್ನು ಹಿಡಿಯುತ್ತಾರೆ. ಪ್ರೇಕ್ಷಕರಿಲ್ಲದೆ ಶೂಟ್ ಮಾಡಿದ 'ಡೆರ್ರಿ ಗರ್ಲ್ಸ್', 'ಔಟ್‌ನಂಬರ್ಡ್' ಥರದ ಸಿಟ್‌ಕಾಮ್‌ಗಳಲ್ಲಿ ನಗುವೇ ಇಲ್ಲ, ನೀವೇ ನಗಬೇಕು.

ರೆಕಾರ್ಡಿಂಗ್ ನೋಡಲು ಟಿಕೆಟ್ ಪುಕ್ಕಟೆ. ಪುಕ್ಕಟೆ ಆದ್ದರಿಂದ ಟಿಕೆಟ್ ತೆಗೆದುಕೊಂಡ ಎಷ್ಟೋ ಜನ ಬರುವುದೇ ಇಲ್ಲ. ಬರುವುದಿಲ್ಲ ಅಂತ ಕುರ್ಚಿಗಿಂತ ಜಾಸ್ತಿ ಟಿಕೆಟ್ ಹಂಚುತ್ತಾರೆ. ನಾನು ಮೊದಲ ಸಲ ಹೋದದ್ದು ಒಂದು ಟಿವಿ ಶೋಗೆ, ಯಾವುದು ಅನ್ನುವುದು ಬೇಡ. ಕೈಯಲ್ಲಿ ಪ್ರಿಂಟ್ ತೆಗೆದ ಟಿಕೆಟ್, ಸಣ್ಣಗೆ ಮಳೆ, ಒಂದೂವರೆ ಗಂಟೆ ಕ್ಯೂ. ನನ್ನ ಮುಂದೆ ನಾಲ್ಕು ಜನ ಇದ್ದಾಗ ಹಗ್ಗ ಅಡ್ಡ ಕಟ್ಟಿದರು. ಹೌಸ್‌ಫುಲ್. ಯಾರೂ ಗಲಾಟೆ ಮಾಡಲಿಲ್ಲ. "ಸಾರಿ" ಅಂತ ಅವರಿಗೇ ಹೇಳಿ ಹೋದರು! ನಮ್ಮಲ್ಲಿ ಥಿಯೇಟರ್ ಮುಂದೆ ಹೀಗೆ ಮಾಡಿದ್ದರೆ ಗಾಜು ಉಳಿಯುತ್ತಿರಲಿಲ್ಲ.

ಎರಡನೇ ಸಲ ರೇಡಿಯೋ ರೆಕಾರ್ಡಿಂಗ್. ಒಳಗೆ ಸೀಟು ಸಿಕ್ಕಿತು. ನಟರು ಮನೆ ಬಟ್ಟೆಯಲ್ಲೇ ಬಂದು ಮೈಕ್ ಸುತ್ತ ನಿಂತರು. ಅವರು ಹಾಳೆ ತಿರುಗಿಸುವುದನ್ನು ನೋಡುವುದೇ ಒಂದು ಚಂದ. ಸದ್ದಾಗಬಾರದಲ್ಲ, ಓದಿ ಮುಗಿದ ಹಾಳೆಯನ್ನು ಕೈ ಚಾಚಿ ಮೈಕ್‌ನಿಂದ ದೂರ ಒಯ್ದು, ಮಲಗಿದ ಮಗುವಿನ ಹೊದಿಕೆ ಸರಿಸುವ ಹಾಗೆ ಕೆಳಗೆ ಬಿಡುತ್ತಾರೆ. ಪಕ್ಕದ ಮೇಜಿನಲ್ಲಿ ಒಬ್ಬರು ಬರೀ ಶಬ್ದ ಮಾಡಲು: ಕಪ್ಪು, ಚಮಚ, ಚೌಕಟ್ಟಿನಲ್ಲಿ ನಿಲ್ಲಿಸಿದ ಒಂದು ಪುಟ್ಟ ಬಾಗಿಲು. ಒಬ್ಬ ನಟ ಒಳ್ಳೆ ಜೋಕಿನ ಕೊನೆ ಪದದಲ್ಲಿ ಎಡವಿದ. ಕೊನೆಗೆ ಅದನ್ನು ಮತ್ತೆ ತೆಗೆದರು. ಗೊತ್ತಿರುವ ಜೋಕಿಗೆ ಎರಡನೇ ಸಲ ನಗಬೇಕಲ್ಲ, ಅದು ಕಷ್ಟ. ಆದರೂ ನಕ್ಕೆವು, ಮೊದಲಿಗಿಂತ ಜೋರಾಗಿ.

ಒಂದು ಸರಣಿಗೆ ಯಾಕೆ ಆರೇ ಕಂತು? ನಮ್ಮ ಧಾರಾವಾಹಿ ಸಾವಿರ ದಾಟುತ್ತೆ.

ಬ್ರಿಟನ್ನಿನಲ್ಲಿ ಹೆಚ್ಚಿನ ಸಿಟ್‌ಕಾಮ್ ಬರೆಯುವವರು ಒಬ್ಬರು, ಜಾಸ್ತಿ ಅಂದರೆ ಇಬ್ಬರು. ಅಮೆರಿಕದ ಥರ ಹತ್ತು ಜನ ಕೂತು ಬರೆಯುವ ಕೋಣೆ ಇಲ್ಲ. ಒಬ್ಬರ ತಲೆಯಿಂದ ವರ್ಷಕ್ಕೆ ಆರು ಕಂತು ಬಂದರೆ ಪುಣ್ಯ. 'ಡೆರ್ರಿ ಗರ್ಲ್ಸ್' ಮೂರು ಸರಣಿ ಸೇರಿ 19 ಕಂತು, ಪೂರ್ತಿ ಲೀಸಾ ಮೆಗೀ ಒಬ್ಬರದ್ದೇ. ಸಾಲದು ಅನ್ನಿಸುತ್ತದೆ ನಿಜ. ಹಸಿವು ಉಳಿಸಿ ಎಲೆ ಎತ್ತುವುದು ಅವರ ಪದ್ಧತಿ.

'ಡೆರ್ರಿ ಗರ್ಲ್ಸ್' ಅರ್ಥವಾಗಲು ಇತಿಹಾಸ ಗೊತ್ತಿರಬೇಕಾ?

ಸ್ವಲ್ಪ ಗೊತ್ತಿದ್ದರೆ ಸಾಕು. ಉತ್ತರ ಐರ್ಲೆಂಡಿನ ಡೆರ್ರಿ ಪಟ್ಟಣ, 1990ರ ದಶಕ. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಮುದಾಯಗಳ ನಡುವೆ ದಶಕಗಳ ಹಿಂಸೆ. ಬೀದಿಯಲ್ಲಿ ಬ್ರಿಟಿಷ್ ಸೈನಿಕರು. ಇದರ ನಡುವೆ ಕಾನ್ವೆಂಟಿನ ನಾಲ್ಕು ಹುಡುಗಿಯರು, ಇಂಗ್ಲೆಂಡಿನಿಂದ ಬಂದು ಸಿಕ್ಕಿಹಾಕಿಕೊಂಡ ಒಬ್ಬ ಹುಡುಗ. ಸೇತುವೆ ಮೇಲೆ ಬಾಂಬ್ ಇದೆ ಅಂದರೆ ಇವರ ಮನೆಯಲ್ಲಿ ಚಿಂತೆ ಬೇರೆಯೇ: ಹಾಗಾದರೆ ಸ್ಕೂಲಿಗೆ ಹೇಗೆ ಹೋಗೋದು?

ಎರಡನೇ ಸರಣಿಯ ಮೊದಲ ಕಂತಿನಲ್ಲಿ ಎರಡೂ ಸಮುದಾಯದ ಮಕ್ಕಳನ್ನು ಒಟ್ಟಿಗೆ ಕೂರಿಸಿ, ನಿಮ್ಮಲ್ಲಿ ಸಮಾನವಾದದ್ದು ಏನು ಹೇಳಿ ಅನ್ನುತ್ತಾರೆ. ಆ ಹಲಗೆ ಖಾಲಿ ಉಳಿಯುತ್ತದೆ. ವ್ಯತ್ಯಾಸಗಳ ಹಲಗೆ ತುಂಬಿ ತುಳುಕುತ್ತದೆ. ಪ್ರಾಟೆಸ್ಟೆಂಟರು ಟೋಸ್ಟರನ್ನು ಕಪಾಟಿನೊಳಗೆ ಇಡುತ್ತಾರೆ ಅನ್ನುವುದೂ ಅದರಲ್ಲಿ ಒಂದು. "ಅವರ ಮನೆ ಸಾರಿಗೆ ಬೆಲ್ಲ ಹಾಕ್ತಾರೆ" ಅಂತ ಮೂಗು ಮುರಿಯುವುದನ್ನು ಕೇಳಿ ಬೆಳೆದ ನಮಗೆ ಟೋಸ್ಟರ್ ಜಗಳ ಹೊಸದೇನಲ್ಲ. ಆ ಹಲಗೆಯನ್ನು ಬೆಲ್‌ಫಾಸ್ಟ್‌ನ ಅಲ್ಸ್ಟರ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟರು. ಡೆರ್ರಿಯ ಆರ್ಚರ್ಡ್ ಸ್ಟ್ರೀಟ್‌ನಲ್ಲಿ ಐವರ ಮುಖಗಳ ದೊಡ್ಡ ಗೋಡೆಚಿತ್ರವೂ ಇದೆ.

2018ರ ಜನವರಿಯಲ್ಲಿ ಶುರುವಾಗಿ 2022ರ ಮೇನಲ್ಲಿ ಮುಗಿಯಿತು. ಕೊನೆಯ ಕಂತು 1998ರ ಶಾಂತಿ ಒಪ್ಪಂದದ ಜನಮತದ ಬಗ್ಗೆ.

ಭಾರತೀಯರ ಕಥೆ ಏನಾದರೂ ಮಾಡಿದ್ದಾರಾ?

'ದ ಕುಮಾರ್ಸ್ ಅಟ್ ನಂಬರ್ 42', 2001ರಿಂದ 2006ರವರೆಗೆ ಬಿಬಿಸಿಯಲ್ಲಿ. ಲಂಡನ್ನಿನ ವೆಂಬ್ಲಿಯಲ್ಲಿ ಒಂದು ಇಂಡಿಯನ್ ಮನೆ. ಮಗನಿಗೆ ಟಿವಿ ನಿರೂಪಕ ಆಗುವ ಹುಚ್ಚು. ಅಪ್ಪ ಅಮ್ಮ ಹಿತ್ತಲಲ್ಲೇ ಸ್ಟುಡಿಯೋ ಕಟ್ಟಿಸಿಕೊಟ್ಟಿದ್ದಾರೆ. ನಿಜವಾದ ಸೆಲೆಬ್ರಿಟಿಗಳು ಬಂದು ಸೋಫಾದಲ್ಲಿ ಕೂರುತ್ತಾರೆ. ಮಗ ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಅಪ್ಪ ಅಡ್ಡಬಾಯಿ ಹಾಕುತ್ತಾನೆ, ಅಜ್ಜಿ ಅತಿಥಿಯ ಜೊತೆ ಚೆಲ್ಲಾಟಕ್ಕೆ ಇಳಿಯುತ್ತಾಳೆ.

ಅಜ್ಜಿ ಮೀರಾ ಸ್ಯಾಲ್, ಮೊಮ್ಮಗ ಸಂಜೀವ್ ಭಾಸ್ಕರ್. ಇಬ್ಬರ ವಯಸ್ಸಿನ ಅಂತರ ಎರಡೇ ವರ್ಷ. 2005ರಲ್ಲಿ ಅಜ್ಜಿ ಮೊಮ್ಮಗ ನಿಜ ಜೀವನದಲ್ಲಿ ಮದುವೆಯಾದರು! 2002 ಮತ್ತು 2003, ಎರಡು ವರ್ಷ ಸತತ ಇಂಟರ್‌ನ್ಯಾಷನಲ್ ಎಮ್ಮಿ ಅನ್ನುವ ಟಿವಿ ಪ್ರಶಸ್ತಿ ಬಂತು.

ಫಾರ್ಮ್ಯಾಟ್ ಮಾರಾಟಕ್ಕೂ ಇದು ಒಳ್ಳೆ ಉದಾಹರಣೆ. ಆಸ್ಟ್ರೇಲಿಯಾದಲ್ಲಿ ಇದು ಗ್ರೀಕ್ ಕುಟುಂಬವಾಯಿತು. ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಲ್ಯಾಟಿನೋ ಕುಟುಂಬವಾಗಿ ತಯಾರಾಯಿತು, ಆದರೆ ಪ್ರಸಾರವೇ ಆಗಲಿಲ್ಲ. ಮಗನಿಗೆ ಅಡ್ಡಬಾಯಿ ಹಾಕುವ ಅಪ್ಪ ಎಲ್ಲ ದೇಶದಲ್ಲೂ ಇದ್ದಾನೆ ಅಂತ ಕಾಣುತ್ತದೆ.

'ಔಟ್‌ನಂಬರ್ಡ್' ಮಕ್ಕಳು ಅಷ್ಟು ಸಹಜವಾಗಿ ಹೇಗೆ ಮಾತಾಡ್ತಾರೆ?

ಅಪ್ಪ, ಅಮ್ಮ, ಮೂರು ಮಕ್ಕಳಿರುವ ಒಂದು ಲಂಡನ್ ಮನೆಯ ಕಥೆ ಇದು. ಆ ಮಕ್ಕಳಿಗೆ ಬಾಯಿಪಾಠ ಮಾಡಿಸಿರಲಿಲ್ಲ. ಆಂಡಿ ಹ್ಯಾಮಿಲ್ಟನ್ ಮತ್ತು ಗೈ ಜೆಂಕಿನ್ ದೊಡ್ಡವರ ಮಾತು ಬರೆದು, ಮಕ್ಕಳಿಗೆ ಸಂದರ್ಭ ಮಾತ್ರ ಹೇಳಿ ಬಿಡುತ್ತಿದ್ದರು. ಇದೇ ಜೋಡಿ 1990ರಲ್ಲಿ 'ಡ್ರಾಪ್ ದ ಡೆಡ್ ಡಾಂಕಿ' ಮಾಡಿತ್ತು, ಒಂದು ಟಿವಿ ಸುದ್ದಿಮನೆಯ ಕಥೆ. ಪ್ರಸಾರಕ್ಕೆ ಸ್ವಲ್ಪವೇ ಮುಂಚೆ ರೆಕಾರ್ಡ್ ಮಾಡಿ ಆ ವಾರದ ಸುದ್ದಿಯನ್ನೇ ಸಂಭಾಷಣೆಗೆ ಸೇರಿಸುತ್ತಿದ್ದರು. ಟಿಆರ್‌ಪಿಗಾಗಿ ಸುದ್ದಿಯನ್ನು ಹೇಗೆ ಬೇಕಾದರೂ ತಿರುಚುವ ಮಾಲೀಕ, ನೆಲಕ್ಕೆ ಬಿದ್ದ ಆಟಿಕೆ ಇಟ್ಟು ಕಣ್ಣೀರು ತರಿಸುವ ವರದಿಗಾರ. ನೋಡುವಾಗ ನಮ್ಮ ಕೆಲವು ನ್ಯೂಸ್ ಚಾನೆಲ್‌ಗಳು ನೆನಪಾದರೆ ಹೊಣೆ ನನ್ನದಲ್ಲ.

ನಾನು ಸ್ಕ್ರಿಪ್ಟ್ ಕಳಿಸಬಹುದಾ?

ಇಂಥ ಕಂಪನಿಗಳು ಸಾಮಾನ್ಯವಾಗಿ ಏಜೆಂಟ್ ಮೂಲಕ ಬಂದದ್ದನ್ನೇ ಓದುವುದು. ಇದು ಸೊಕ್ಕು ಅಂತ ಅನ್ನಿಸಬಹುದು. ಕಾರಣ ಕಾನೂನಿನದ್ದೂ ಹೌದು: ನಿಮ್ಮ ಕಥೆ ಓದದೇ ಇದ್ದರೆ, ನಾಳೆ ಅಂಥದ್ದೇ ಒಂದು ಬಂದಾಗ ನೀವು ಕದ್ದಿರಿ ಅನ್ನಲಾಗುವುದಿಲ್ಲ. ಹೊಸಬರಿಗೆ ಬಿಬಿಸಿಯವರು ಆಗಾಗ ತೆರೆಯುವ ಸ್ಕ್ರಿಪ್ಟ್ ಕರೆಗಳು ಇವೆ. ಶುರುವಿಗೆ ರೇಡಿಯೋ ಸ್ಕೆಚ್ ಬರೆಯುವುದು ಸುಲಭದ ದಾರಿ. ಕೆಲಸಕ್ಕೆ ಸೇರಬೇಕು ಅಂದರೆ ಹೆಚ್ಚಿನವರು 'ರನ್ನರ್' ಆಗಿ ಶುರು ಮಾಡುವುದು, ಅಂದರೆ ಕಾಫಿ ತರುವುದು, ಜೆರಾಕ್ಸ್ ಮಾಡಿಸುವುದು, ನಟರನ್ನು ಸ್ಟೇಷನ್ನಿನಿಂದ ಕರೆತರುವುದು.

ಊರಲ್ಲಿ ಕೂತು ಎಲ್ಲಿ ನೋಡೋದು, ಯಾವುದರಿಂದ ಶುರು ಮಾಡೋದು?

ಬಿಬಿಸಿಯ ಕಾರ್ಯಕ್ರಮಗಳನ್ನು ಆನ್‌ಲೈನ್‌ನಲ್ಲಿ ತೋರಿಸುವ ಐಪ್ಲೇಯರ್ ಬ್ರಿಟನ್ ಬಿಟ್ಟು ಹೊರಗೆ ತೆರೆಯುವುದಿಲ್ಲ. 'ಡೆರ್ರಿ ಗರ್ಲ್ಸ್' ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತದೆ. ಹಳೆಯ ಶೋಗಳ ತುಣುಕುಗಳನ್ನು ಕಂಪನಿಯೇ ಯೂಟ್ಯೂಬ್‌ನಲ್ಲಿ ಹಾಕಿದೆ.

ಇಂಗ್ಲಿಷ್ ಉಚ್ಚಾರಣೆ ಕಷ್ಟವಾದರೆ 'ಹೂಸ್ ಲೈನ್'ನಿಂದ ಶುರು ಮಾಡಿ, ಅಲ್ಲಿ ಮೈ ಕೈ ಮುಖಗಳೇ ಅರ್ಧ ಹೇಳಿಬಿಡುತ್ತವೆ. ಆಮೇಲೆ 'ಕುಮಾರ್ಸ್'. 'ಹ್ಯಾವ್ ಐ ಗಾಟ್ ನ್ಯೂಸ್' ಕೊನೆಗಿರಲಿ, ಆ ವಾರದ ಬ್ರಿಟಿಷ್ ಸುದ್ದಿ ಗೊತ್ತಿಲ್ಲದಿದ್ದರೆ ಸಪ್ಪೆ. 'ಡೆರ್ರಿ ಗರ್ಲ್ಸ್'ಗೆ ಮಾತ್ರ ಸಬ್‌ಟೈಟಲ್ ಹಾಕಿಕೊಂಡೇ ಕೂರಿ, ನಾಚಿಕೆ ಬೇಡ. ಲಂಡನ್ನಿನಲ್ಲೇ ಹುಟ್ಟಿ ಬೆಳೆದ ನನ್ನ ಪಕ್ಕದ ಮನೆಯವರೂ ಹಾಕಿಕೊಂಡೇ ನೋಡಿದ್ದು.